ಕೆನ್ನೆಯ ಕ್ಯಾನ್ಸರಿಗೆ ಯಾವ ಕೋಡ್? — ಐಸಿಡಿ ಬದಲಾವಣೆ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು



ಯಾರ ನೆನಪಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಆ ಹಿರಿಯ ವೈದ್ಯರು ಹೊರರೋಗಿ ಚೀಟಿಯಲ್ಲೂ ರೋಗಿಯ ಊರು, ಕಸುಬು, ಚಟ ಮೂರನ್ನೂ ಬರೆಯುತ್ತಿದ್ದರು. ಇಂದು ನಾನು ಆಡುವ ಮಾತೆಲ್ಲ ಆ ಅಭ್ಯಾಸದ ಬೆಲೆಯನ್ನು ಕುರಿತದ್ದೇ.

1. ಹಿನ್ನೆಲೆ

ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ, ಅಂದರೆ ಐಸಿಡಿಯ, ಚರಿತ್ರೆ ಪಠ್ಯಪುಸ್ತಕಗಳಲ್ಲಿ ಸಿಗುವುದರಿಂದ ಬೇಗ ಮುಗಿಸುತ್ತೇನೆ. 1893ರಲ್ಲಿ ಬರ್ಟಿಲಾನ್ ಸಿದ್ಧಪಡಿಸಿದ ಸಾವಿನ ಕಾರಣಗಳ ಪಟ್ಟಿ 1948ರ ಆರನೆಯ ಪರಿಷ್ಕರಣೆಯೊಂದಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂತು. ಹತ್ತನೆಯದಕ್ಕೆ 1990ರಲ್ಲಿ, ಹನ್ನೊಂದನೆಯದಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಹನ್ನೊಂದು ಜಾರಿಗೆ ಬಂದದ್ದು 2022ರ ಜನವರಿ 1ರಂದು. ಗೆಡ್ಡೆಗಳಿಗೆಂದೇ 1976ರಿಂದ ಐಸಿಡಿ-ಓ ಎಂಬ ಬೇರೆ ಪದ್ಧತಿ ಇದೆ. ರೋಗ ಯಾವ ಜಾಗದ್ದು, ಯಾವ ಅಂಗಾಂಶದ್ದು ಎಂಬ ಎರಡನ್ನೂ ಅದು ಬೇರೆಬೇರೆಯಾಗಿ ದಾಖಲಿಸುತ್ತದೆ. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋಂದಣಿ ನಡೆದುಕೊಂಡು ಬಂದಿದೆ. ಇಷ್ಟು ಸಾಕು.

2. ಕೆನ್ನೆಯ ಪ್ರಶ್ನೆ

ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆ ಅಡಿಕೆ ತೋಟವೇ ಬದುಕು. ದತ್ತಿಯ ಹಿರಿಯರದೂ ತೋಟದ ಮನೆತನವೇ. ಬೆಳೆಗಾರರ ಮನಸ್ಸು ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿದ ವರದಿಯನ್ನು ವೈದ್ಯರಾದವರು ಮುಚ್ಚಿಡಲಾಗದು. ಎಲೆಅಡಿಕೆ, ಕಡ್ಡಿಪುಡಿ, ಗುಟ್ಕಾ ಯಾವುದೇ ಇರಲಿ, ಅದು ಹೊತ್ತುಗಟ್ಟಲೆ ಕೂತಿರುವುದು ದವಡೆ ಮತ್ತು ಕೆನ್ನೆಯ ನಡುವಿನ ಸಂದಿಯಲ್ಲಿ. ಹುಣ್ಣು ಏಳುವುದೂ ಅಲ್ಲೇ. ಆದ್ದರಿಂದ 'ಬಾಯಿ' ಎಂದು ಬರೆದರೆ ನಮಗೆ ಸಾಲದು, 'ಕೆನ್ನೆ' ಎಂದೇ ದಾಖಲಾಗಬೇಕು.

ಹತ್ತನೆಯ ಐಸಿಡಿಯಲ್ಲಿ ಕೆನ್ನೆಯ ಒಳಪೊರೆಗೆ ಸಿ06.0 ಎಂಬ ಸ್ವಂತ ಕೋಡ್ ಇದೆ. ಆದರೆ ಅದು ಹೇಳುವುದು ಜಾಗವನ್ನಷ್ಟೇ. ಸ್ಕ್ವಾಮಸ್ ಕಾರ್ಸಿನೋಮವೋ, ಸಣ್ಣ ಜೊಲ್ಲುಗ್ರಂಥಿಯ ಕ್ಯಾನ್ಸರೋ ಅದರಿಂದ ತಿಳಿಯದು. ಹನ್ನೊಂದರಲ್ಲಿ ಇದು ತಿರುವುಮುರುವು. ಅಲ್ಲಿನ 2ಬಿ66.0 ಸ್ಕ್ವಾಮಸ್ ಕಾರ್ಸಿನೋಮ ಎಂದು ಸ್ಪಷ್ಟವಾಗಿ ಹೇಳುತ್ತದೆ, ಜಾಗವನ್ನು ಮಾತ್ರ 'ಬಾಯಿಯ ಇತರ ಅಥವಾ ನಮೂದಿಸದ ಭಾಗ' ಎಂದು ಬಿಡುತ್ತದೆ. ಕೆನ್ನೆ ಬೇಕೆಂದರೆ ಎಕ್ಸ್ ಅಕ್ಷರದಿಂದ ಶುರುವಾಗುವ ಪೂರಕ ಕೋಡನ್ನು ಕೈಯಾರೆ ಸೇರಿಸಬೇಕು. ಅವಸರದಲ್ಲಿ ಮೂಲ ಕೋಡನ್ನಷ್ಟೇ ಹಾಕಿ ಮುಗಿಸಿದರೆ ನಮ್ಮ ಸೀಮೆಯ ಮುಖ್ಯ ಕ್ಯಾನ್ಸರ್ 'ಇತರೆ'ಯ ಪಾಲಾಗುತ್ತದೆ.

ದೋಷ ಕೋಡಿನ ಪುಸ್ತಕಕ್ಕಿಂತ ಮೊದಲೇ ಶುರುವಾಗುವುದನ್ನು ಕೇಸ್‌ಶೀಟ್‌ಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಬಯಾಪ್ಸಿ ರಿಪೋರ್ಟಿನಲ್ಲಿ 'ಎಡ ಬಕಲ್ ಮ್ಯೂಕೋಸಾ, ಸ್ಕ್ವಾಮಸ್ ಸೆಲ್ ಕಾರ್ಸಿನೋಮ' ಎಂದು ಪೂರ್ತಿ ಇರುತ್ತದೆ. ಅದೇ ರೋಗಿಯ ಡಿಸ್ಚಾರ್ಜ್ ಸಮರಿಗೆ ಬರುವಷ್ಟರಲ್ಲಿ 'ಸಿಎ ಓರಲ್ ಕ್ಯಾವಿಟಿ' ಎಂದಷ್ಟೇ ಉಳಿದಿರುತ್ತದೆ. ದಾಖಲೆ ವಿಭಾಗದವರ ಕೈಗೆ ಸಿಗುವುದು ಆ ಸಮರಿಯ ಮೊದಲ ಪುಟ. ಎಡ ಹೋಯಿತು, ಕೆನ್ನೆ ಹೋಯಿತು, ಅಂಗಾಂಶವೂ ಹೋಯಿತು.

3. ಮೂರು ವಾದಗಳು

ಇಷ್ಟೆಲ್ಲ ಬರೆಯುವ ಅಗತ್ಯವಿಲ್ಲ ಎನ್ನುವವರದು ಮೂರು ವಾದ. 'ಹತ್ತರಿಂದ ಹನ್ನೊಂದಕ್ಕೆ ಪರಿವರ್ತನಾ ಕೋಷ್ಟಕ ಇದೆ, ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ' ಎಂಬುದು ಮೊದಲ ವಾದ. ಕ್ಯಾನ್ಸರಿನ ಮಟ್ಟಿಗೆ ಇದನ್ನು ನಾನು ಸಾರಾಸಗಟಾಗಿ ತಳ್ಳಿಹಾಕುತ್ತೇನೆ. ಸಿ06.0ರಲ್ಲಿ ಅಂಗಾಂಶದ ಮಾಹಿತಿಯೇ ಇಲ್ಲದಿರುವಾಗ ಅದನ್ನು 2ಬಿ66.0ಕ್ಕೆ ಹಾಕಬೇಕೋ ಬೇಡವೋ ಎಂದು ಯಾವ ಕೋಷ್ಟಕ ತೀರ್ಮಾನಿಸೀತು? ಬರೆಯದೇ ಇದ್ದದ್ದನ್ನು ಯಂತ್ರ ಓದಲಾರದು.

'ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜ್ ಕೋಡ್ ಇದೆಯಲ್ಲ' ಎಂಬುದು ಎರಡನೆಯದು. ಬಿಪಿಎಲ್ ಕುಟುಂಬಗಳಿಗೆ ಆ ಯೋಜನೆ ಆಸರೆಯಾಗಿದೆ, ನಿಜ. ಆದರೆ ಪ್ಯಾಕೇಜ್ ಕೋಡ್ ಇರುವುದು ಯಾವ ಚಿಕಿತ್ಸೆಗೆ ಹಣ ಸಂದಾಯವಾಗಬೇಕು ಎಂದು ತಿಳಿಸಲು. ರೋಗದ ಹಂಚಿಕೆಯನ್ನು ಅದರಿಂದ ಅಳೆಯಹೊರಡುವುದು ಬಸ್ ಟಿಕೆಟ್ ಎಣಿಸಿ ಜನಗಣತಿ ಮಾಡಿದಂತೆ.

ಮೂರನೆಯವರು ಅಮೆರಿಕದ ಕಡೆ ಬೆರಳು ತೋರುತ್ತಾರೆ. ಒಂಬತ್ತರಿಂದ ಹತ್ತಕ್ಕೆ ಹೋಗುವುದನ್ನು ಅಲ್ಲಿ 2013ರಿಂದ 2014ಕ್ಕೆ, ಮತ್ತೆ 2015ಕ್ಕೆ ಮುಂದೂಡಿ, ಕೊನೆಗೆ ಅಕ್ಟೋಬರ್ 1ರಂದು ಜಾರಿ ಮಾಡಿದರು. ಸುಮಾರು 14,000 ಇದ್ದ ಕೋಡ್‌ಗಳು ಸುಮಾರು 68,000 ಆದವು, ಆದರೂ ಆಸ್ಪತ್ರೆಗಳು ನಿಲ್ಲಲಿಲ್ಲ ಎನ್ನುತ್ತಾರೆ. ನಿಲ್ಲಲಿಲ್ಲ, ಸರಿ. ಆದರೆ ಅಲ್ಲಿ ಕೋಡಿಂಗ್ ಒಂದು ಪ್ರತ್ಯೇಕ ವೃತ್ತಿ. ಸ್ತನ ಕ್ಯಾನ್ಸರಿಗೆ ಎಡಬಲ ಕೋಡ್ ತಂದಾಗ 'ಬದಿ ನಮೂದಿಸಿಲ್ಲ' ಎಂಬುದಕ್ಕೂ ಒಂದು ಕೋಡ್ ಇಟ್ಟರು. ಹನ್ನೊಂದರಲ್ಲೂ ಕೊನೆಗೆ 'ಝಡ್' ಹಾಕಿ ನಮೂದಿಸದ್ದೆಂದು ಬಿಡುವ ಅವಕಾಶವಿದೆ. ಬದಲಾವಣೆಯನ್ನು ಆಸ್ಪತ್ರೆ ತಡೆದುಕೊಂಡಿತೇ ಎಂದು ಕೇಳಿ ಸುಮ್ಮನಾದರೆ ಸಾಲದು. ಎಷ್ಟು ದಾಖಲೆಗಳು ಆ 'ಝಡ್'ಗೆ ಬಿದ್ದವು ಎಂದು ಕೇಳಬೇಕು.

4. ಊರಿನ ಕೋಡ್

ರೋಗದ ಕೋಡಿನ ಜೊತೆಗೆ ಊರಿನದೂ ಬದಲಾಗುವುದನ್ನು ನಮ್ಮಷ್ಟು ಕಂಡವರು ಕಡಿಮೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾಯಿತು. ಹಳೆಯ ದಾಖಲೆಯಲ್ಲಿ 'ಹೊನ್ನಾಳಿ' ಎಂದಷ್ಟೇ ಇದ್ದರೆ ಆ ರೋಗಿ ಈಗ ಯಾವ ತಾಲ್ಲೂಕಿನವರು? ನ್ಯಾಮತಿಯವರು ಶಿವಮೊಗ್ಗಕ್ಕೂ ಹೋಗುತ್ತಾರೆ, ಜಗಳೂರಿನವರು ಚಿತ್ರದುರ್ಗಕ್ಕೂ ಹೋಗುತ್ತಾರೆ. ಕಷ್ಟವಾದರೆ ಮಣಿಪಾಲ, ಬೆಂಗಳೂರು. ಒಬ್ಬರೇ ಮೂರು ಆಸ್ಪತ್ರೆಗಳಲ್ಲಿ ಎಣಿಕೆಯಾಗುವ ಅಪಾಯವೂ ಇದೆ. ಹಳ್ಳಿಯ ಹೆಸರಿದ್ದರೆ ತಾಲ್ಲೂಕಿನ ಗಡಿ ಎಷ್ಟು ಸಲ ಬದಲಾದರೂ ಲೆಕ್ಕ ತಪ್ಪುವುದಿಲ್ಲ. ಊರು ಬರೆಯುತ್ತಿದ್ದ ಹಿರಿಯರ ದೂರದೃಷ್ಟಿ ಇಲ್ಲಿ ಅರ್ಥವಾಗುತ್ತದೆ.

5. ನನ್ನ ಸಲಹೆ

ಕ್ಯಾನ್ಸರಿನಲ್ಲಿ ಐಸಿಡಿ-ಓ ಜೋಡಿಯೇ ಮೂಲ ದಾಖಲೆಯಾಗಲಿ: ಜಾಗಕ್ಕೆ ಸಿ06.0, ಅಂಗಾಂಶಕ್ಕೆ 8070/3. ಜಾಗ, ಅಂಗಾಂಶ ಎರಡೂ ಕೈಯಲ್ಲಿದ್ದರೆ ಅದರಿಂದ ಹತ್ತನ್ನೂ ತೆಗೆಯಬಹುದು, ಹನ್ನೊಂದನ್ನೂ ತೆಗೆಯಬಹುದು. ಹತ್ತರಿಂದ ನೇರ ಹನ್ನೊಂದಕ್ಕೆ ಹೋದರೆ ಆ ಅನುಕೂಲ ಇಲ್ಲ. ಬದಲಾವಣೆಯ ಮೊದಲ ವರ್ಷ ಎರಡೂ ಕೋಡ್ ಹಾಕಿ ತಾಳೆ ನೋಡಲಿ. ಬಯಾಪ್ಸಿ ರಿಪೋರ್ಟಿನ ಅಂತಿಮ ಸಾಲನ್ನು ಡಿಸ್ಚಾರ್ಜ್ ಸಮರಿಯಲ್ಲಿ ಇದ್ದಂತೆಯೇ ನಕಲು ಮಾಡುವುದು ಕಡ್ಡಾಯವಾಗಲಿ. ಬದಿ, ಹಳ್ಳಿ, ಚಟ ಈ ಮೂರೂ ಅದರ ಕೆಳಗೇ ಬರಲಿ.

ಇದಕ್ಕೆ ಹೊಸ ಯಂತ್ರ ಬೇಡ. ಬೇಕಾಗಿರುವುದು ಸಮರಿ ಬರೆಯುವ ಕಿರಿಯ ವೈದ್ಯರ ಎರಡು ನಿಮಿಷ, ಮತ್ತು ಅಪೂರ್ಣ ಕೇಸ್‌ಶೀಟನ್ನು ವಾಪಸು ಕಳಿಸುವ ಅಧಿಕಾರ ದಾಖಲೆ ವಿಭಾಗದವರಿಗೆ. ಬಾಯಿ ತಪಾಸಣೆಗೆ ದಂತವೈದ್ಯರನ್ನು ಜಗಳೂರಿಗೆ ಕಳಿಸಬೇಕೋ ಚನ್ನಗಿರಿಗೋ ಎಂದು ಜಿಲ್ಲಾ ಆರೋಗ್ಯಾಧಿಕಾರಿ ಕೇಳಿದ ದಿನ ಉತ್ತರ ಕೊಡಬೇಕಾದದ್ದು ಈ ದಾಖಲೆಗಳೇ. ಹೊಸ ಪದ್ಧತಿ ಬರಲಿ, ಸ್ವಾಗತಿಸೋಣ. ಅದಕ್ಕೂ ಮುಂಚೆ, ನಾಳೆ ಬೆಳಗಿನ ಕೇಸ್‌ಶೀಟಿನಿಂದಲೇ, ಪೂರ್ತಿ ಬರೆಯಲು ಶುರುಮಾಡೋಣ ಎಂದು ಕೇಳಿಕೊಳ್ಳುತ್ತೇನೆ.