ಮುಂದೆ ಏಸಿ, ಹಿಂದೆ ಬೆಂಕಿ: ನಮ್ಮೂರಿನ ಹೊಸ ಹೊಟೇಲುಗಳಲ್ಲಿ ರೊಟ್ಟಿ ಬಡಿಯೋರ ಜಾಗ ಎಲ್ಲಿ?

ಊಟ ಆತೇನ್ರಿ? ಆಗಿಲ್ಲಂದ್ರೆ ಊಟ ಮಾಡ್ತಾನೇ ಕೇಳ್ರಿ. ಇವತ್ತಿನ ಸಂಚಿಕೆ ಹೊಟೇಲ್ ಕಟ್ಟೋದರ ಬಗ್ಗೆ. ಏನು ಬಡಿಸ್ತಾರೆ ಅನ್ನೋದನ್ನ ಬಿಡೋಣ. ಗೋಡೆ, ಚಾವಣಿ, ನೆಲ, ಅಡುಗೆಮನೆ, ಮತ್ತೆ ಇವಕ್ಕೆಲ್ಲ ಹೋಗೋ ರೊಕ್ಕ, ಇಷ್ಟೇ ಮಾತಾಡೋಣ.

ಇತ್ತೀಚೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಅಡ್ಡಾಡಿದವರು ನೋಡಿರ್ತೀರಿ. ಸೊಲ್ಲಾಪುರದಿಂದ ಝಳಕಿ, ಹೊರ್ತಿ ದಾಟಿ ವಿಜಯಪುರಕ್ಕೆ ಬರೋದು ರಾಷ್ಟ್ರೀಯ ಹೆದ್ದಾರಿ 52. ಕಲಬುರಗಿ ಕಡೆಯಿಂದ ಸಿಂದಗಿ, ದೇವರ ಹಿಪ್ಪರಗಿ ಮೇಲೆ ವಿಜಯಪುರ ಮುಟ್ಟಿ, ಮುಂದೆ ನಿಡಗುಂದಿ ಹಾದು ಹೊಸಪೇಟೆಗೆ ಇಳಿಯೋದು ಹೆದ್ದಾರಿ 50. ಎರಡೂ ರಸ್ತೆಗುಂಟ ಒಂದಾದ ಮೇಲೊಂದು ಫ್ಯಾಮಿಲಿ ರೆಸ್ಟೋರೆಂಟ್, ಗಾರ್ಡನ್ ರೆಸ್ಟೋರೆಂಟ್, ಧಾಬಾ, ಕೆಫೆ. ಊರೊಳಗಿನ ಬಸ್‌ಸ್ಟ್ಯಾಂಡ್ ರಸ್ತೆಗಳಲ್ಲೂ ಅದೇ.

ನಮ್ಮ ಅಪ್ಪನ ಕಾಲದ ಖಾನಾವಳಿ ಹ್ಯಾಂಗಿತ್ತು? ಓಣಿಯೊಳಗಿನ ಒಂದು ಹಳೇ ಮಾಳಿಗೆ ಮನೆ. ನೆಲಕ್ಕೆ ಪರಸಿ, ಗೋಡೆಗೆ ಸುಣ್ಣ, ನಾಲ್ಕು ಬೆಂಚು. ಎದುರಿಗೇ ಒಲೆ. ರೊಟ್ಟಿ ಬಡಿಯೋ ಸಪ್ಪಳ ಕೇಳ್ತಾ ಊಟ. ಒಲೆ ಮುಂದೆ ಕುಂತಾಕೆ "ಇನ್ನೊಂದು ಹಾಕ್ಲೇನು ತಮ್ಮಾ?" ಅಂತ ಕೇಳ್ತಿದ್ದಳು.

ಈಗಿನ ಹೊಸ ಹೊಟೇಲುಗಳಲ್ಲಿ ಎರಡು ಜಾತಿ ಕಾಣ್ತವೆ. ಮೊದಲನೇದು ಬೆಂಗಳೂರು ಕೆಫೆ ನೋಡಿ ಮಾಡಿದ್ದು. ಮುಂದೆ ಪೂರ್ತಿ ಗಾಜು, ಸುತ್ತ ಎಸಿಪಿ ಶೀಟು, ಮೇಲೆ ಪಿಒಪಿ ಸೀಲಿಂಗು, ಅದರೊಳಗೆ ಹಳದಿ ಎಲ್‌ಇಡಿ, ಒಂದು ಗೋಡೆಗೆ ಪ್ಲಾಸ್ಟಿಕ್ ಹುಲ್ಲು, ಹುಲ್ಲಿನ ಮೇಲೆ ನಿಯಾನ್ ಅಕ್ಷರ. ಎರಡನೇದು ಹಳ್ಳಿ ಥೀಮ್. ಬಂಡಿ ಗಾಲಿ, ಕಂದೀಲು, ಹೊರಸು, ಕಟ್ಟಿಗೆಯಂಗ ಕಾಣೋ ಫೈಬರ್ ತೊಲೆ. ಹಳ್ಳಿಯೊಳಗ ಹಳ್ಳಿ ಥೀಮ್ ನೋಡ್ರಿ! ಗೋಡೆ ಮೇಲೆ ಹೆಚ್ಚಾಗಿ ವಾರ್ಲಿ ಚಿತ್ರ. ಅದು ಮಹಾರಾಷ್ಟ್ರದ ಪಾಲ್ಘರ್, ಠಾಣೆ ಕಡೆಯ ಆದಿವಾಸಿಗಳ ಕಲೆ. ಛಲೋ ಐತಿ, ಆದ್ರೆ ನಮ್ಮ ಹಳ್ಳಿದಲ್ಲ. ಇತ್ತ ಅದೇ ಊರಿನಲ್ಲಿ ನಿಜವಾದ ಮಾಳಿಗೆ ಮನೆ ಕೆಡವಿ ಅದರ ತೊಲೆ, ಜಂತಿ ಹಳೇ ಕಟ್ಟಿಗೆ ಅಡ್ಡೆಗೆ ಮಾರ್ತಿರ್ತಾರೆ.

ನಾನು ದೂರ ನಿಂತು ನಗ್ತಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಐತಿ.

ನನ್ನ ಕಾಕಾನ ಮಗ, ನನಗೆ ಅಣ್ಣ ಆಗಬೇಕು, ಮೂರು ವರ್ಷದ ಹಿಂದೆ ಸಿಂದಗಿ ಹತ್ತಿರ ರಸ್ತೆಗೆ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಹಾಕಿದ. ನಾನು ಬಿ.ಕಾಂ. ಮುಗಿಸಿದವ, ಹಂಗಾಗಿ ಲೆಕ್ಕ ನನ್ನ ಕಡೆ. ಡಿಸೈನೂ ಅರ್ಧ ನಂದೇ. ರಾತ್ರಿಯೆಲ್ಲ ರೀಲ್ಸ್ ನೋಡೋದು, ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೆ ಕಳಿಸೋದು. "ಊಟಾತೇನ್ರಿ?" ಅಂತ ನಿಯಾನ್ ಬೋರ್ಡ್ ಹಾಕಿಸಿದವ ನಾನೇ. ನಕ್ಷೆಯಲ್ಲಿ ಮುಂದಿನ ಹಾಲು, ಫ್ಯಾಮಿಲಿ ಕ್ಯಾಬಿನ್, ಕೌಂಟರ್, ಸೆಲ್ಫಿ ಗೋಡೆ ಎಲ್ಲ ಇಂಚಿಂಚು ಅಳತೆ ಹಾಕಿ ಬರೆದಿದ್ವಿ. ಹಿಂದೆ ಉಳಿದ ಚೌಕಕ್ಕೆ "ಅಡುಗೆಮನೆ" ಅಂತ ಬರೆದ್ವಿ. ಅದಕ್ಕೆ ತಗಡಿನ ಚಾವಣಿ, ಒಂದು ಸಣ್ಣ ಕಿಟಕಿ. ರೊಕ್ಕ ಮುಗಿದಿತ್ತು, ಇಷ್ಟು ಸಾಕು ಅಂದುಕೊಂಡ್ವಿ.

ಅಲ್ಲಿ ರೊಟ್ಟಿ ಬಡಿಯೋರು ನಮ್ಮ ಕಾಕು, ಅಂದ್ರೆ ಅಣ್ಣನ ಅವ್ವ. ಜೊತೆಗೆ ಓಣಿಯ ಇನ್ನಿಬ್ಬರು ಹೆಣ್ಮಕ್ಕಳು.

ಮೊದಲನೇ ಬ್ಯಾಸಿಗೆ ಬಂತು. ನಮ್ಮ ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಐತಿ, ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟೋದು ಹೊಸದಲ್ಲ. ಒಂದು ಮಧ್ಯಾಹ್ನ ರೊಟ್ಟಿ ಬಡಿಯೋದರ ರೀಲ್ ಮಾಡೋಣ ಅಂತ ಫೋನ್ ಹಿಡಿದು ಅಡುಗೆಮನೆಗೆ ಹೋದೆ. ಐದು ನಿಮಿಷ ಆಗಿರಲಿಲ್ಲ, ಫೋನ್ ಬಿಸಿಯಾಗಿದೆ ಅಂತ ಸ್ಕ್ರೀನ್ ಮೇಲೆ ಬಂತು, ಕ್ಯಾಮೆರಾ ಬಂದ್ ಆತು. ಕಾಕು ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡು ನಕ್ಕಳು. "ಅದನ್ನ ಹೊರಗ ಒಯ್ದು ಗಾಳಿ ಹಾಕೋ ತಮ್ಮಾ, ಪಾಪ" ಅಂದಳು.

ಆಕೆ ಮುಂಜಾನೆ ಹತ್ತರಿಂದ ಅಲ್ಲೇ ನಿಂತಿದ್ದಳು. ಮುಂದಿನ ಹಾಲಿನಲ್ಲಿ ಎರಡು ಏಸಿ ಓಡ್ತಿದ್ದವು, ಟೇಬಲ್ಲು ಅರ್ಧಕ್ಕರ್ಧ ಖಾಲಿ.

ಅದಾಗಿ ಒಂದು ವಾರಕ್ಕೆ ಜೊತೆಗಿದ್ದ ಹೆಣ್ಮಗಳೊಬ್ಬಳು ತಲೆ ತಿರುಗಿ ಒಲೆ ಪಕ್ಕದಲ್ಲೇ ಕುಸಿದು ಕುಂತಳು. ನೀರು ಕೊಟ್ಟು, ಹೊರಗೆ ಬೇವಿನ ಗಿಡದ ನೆರಳಿಗೆ ಮಲಗಿಸಿದ್ವಿ. ಕೈ ಬೆಂಕಿಗೆ ಬೀಳಲಿಲ್ಲ ಅನ್ನೋದೊಂದೇ ಪುಣ್ಯ. ಮರುದಿನ ಆಕೆ ಬರಲಿಲ್ಲ. "ರೊಟ್ಟಿ ಬೇಕಂದ್ರ ನಮ್ಮ ಮನ್ಯಾಗ ಬಡಿದು ಕೊಡ್ತೀನಿ, ಆ ಕೋಣಿಗೆ ಮಾತ್ರ ಬರಂಗಿಲ್ಲ" ಅಂತ ಹೇಳಿ ಕಳಿಸಿದಳು. ಇನ್ನೊಬ್ಬಳೂ ಬಿಟ್ಟಳು. ಮೂರು ದಿನ ನಮ್ಮ ಹೊಟೇಲಿನಲ್ಲಿ ಜೋಳದ ರೊಟ್ಟಿ ಸಾಲಲಿಲ್ಲ. ವಿಜಯಪುರ ಜಿಲ್ಲೆಯ ಹೊಟೇಲಿನಲ್ಲಿ ರೊಟ್ಟಿ ಇಲ್ಲ ಅಂದ್ರೆ ಗಿರಾಕಿ ಗೋಡೆ ನೋಡಿ ಹೊಟ್ಟೆ ತುಂಬಿಸ್ಕೊಳ್ತಾರೇನು?

ಆ ರಾತ್ರಿ ನಾನು ಕುಂತು ಮೊದಲೇ ಹಾಕಬೇಕಾಗಿದ್ದ ಲೆಕ್ಕ ಹಾಕಿದೆ. ನಮ್ಮ ಮನೆಯ ಖಾಸಗಿ ಅಂಕಿ ಬಿಡ್ರಿ, ನಿಮಗೆ ತಿಳಿಯೋ ಹಂಗ ಒಂದು ದುಂಡು ಅಂಕಿ ಇಟ್ಕೊಳ್ಳೋಣ. ಇಂಟೀರಿಯರ್‌ಗೆ 12 ಲಕ್ಷ ಹಾಕಿದ್ರಿ ಅನ್ಕೊಳ್ರಿ. ಈ ಪ್ಯಾನೆಲ್ಲು, ಸೀಲಿಂಗು, ಲೈಟು ಐದು ವರ್ಷಕ್ಕೆ ಹಳೇವಾಗ್ತವೆ. ಕಾಮರ್ಸ್‌ನವರು ಇದಕ್ಕೆ ಸವಕಳಿ ಅಂತಾರೆ. 12 ಲಕ್ಷವನ್ನ 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 20,000 ರೂಪಾಯಿ. ತಿಂಗಳಲ್ಲಿ 26 ದಿನ ತೆರೆದರೆ ದಿನಕ್ಕೆ ಸುಮಾರು 770. ಜೋಳ, ಪಲ್ಯ, ಗ್ಯಾಸ್, ಪಗಾರ ಎಲ್ಲ ಕಳೆದು ಒಂದು ಊಟಕ್ಕೆ 20 ರೂಪಾಯಿ ಉಳೀತು ಅಂದ್ರೆ, ದಿನಾ 39 ತಾಟು ಬರೀ ಗೋಡೆಗಾಗಿ ಬಡಿಸಬೇಕು. ಬ್ಯಾಂಕಿನ ಬಡ್ಡಿ ಇದರೊಳಗಿಲ್ಲ. ಏಸಿಯ ಕರೆಂಟ್ ಬಿಲ್ಲೂ ಇಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಕಟ್ಟಿಸಿದ ಮೇಲೇ ಗೊತ್ತಾಗೋದು. 2017ರ ನವೆಂಬರ್ 15ರಿಂದ ನಮ್ಮಂಥ ಸಾಮಾನ್ಯ ರೆಸ್ಟೋರೆಂಟಿಗೆ ಜಿಎಸ್‌ಟಿ 5%, ಆದ್ರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ. ಅಂದ್ರೆ ನೀವು ಸಾಮಾನು ತರುವಾಗ ಕೊಟ್ಟ ತೆರಿಗೆಯನ್ನ ನಿಮ್ಮ ತೆರಿಗೆಯಲ್ಲಿ ಕಳೆಯೋ ಹಂಗಿಲ್ಲ. 18% ತೆರಿಗೆಯ ಪ್ಯಾನೆಲ್ಲು ಒಂದು ಲಕ್ಷಕ್ಕೆ ತಂದರೆ ಮೇಲಿನ 18,000 ರೂಪಾಯಿ ನಿಮ್ಮ ಕಿಸೆಯಿಂದ ಹೋದಂಗೇ. "ಬಿಲ್ ತಗೊಂಡ್ರ ಕ್ರೆಡಿಟ್ ಸಿಗ್ತೈತಿ" ಅಂತ ಯಾರಾದ್ರೂ ಹೇಳಿದರೆ, ಮೊದಲು ನಿಮ್ಮ ಅಕೌಂಟಂಟ್ ಹತ್ರ ಕೇಳ್ರಿ.

ಸರಿ, ಲೆಕ್ಕ ಸಾಕು. ಈಗ ಕಟ್ಟಡಕ್ಕೆ ಬರೋಣ.

ನಮ್ಮ ಹಳೇ ಮಾಳಿಗೆ ಮನೆಗೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ಮಣ್ಣು. ಬಿಸಿಲು ಅಷ್ಟು ದಪ್ಪ ದಾಟಿ ಒಳಗಿಳಿಯೋ ಹೊತ್ತಿಗೆ ಸಂಜೆ ಆಗಿರ್ತದೆ. ಒಲೆ ಮೇಲೆ ಒಂದು ಬೆಳಕಿಂಡಿ. ಬಿಸಿ ಗಾಳಿ ಮೇಲೇರೋದು ಗಾಳಿಯ ಗುಣ, ಹಂಗಾಗಿ ಹೊಗೆ, ಕಾವು ಎರಡೂ ಅಲ್ಲಿಂದ ಹೊರಗೆ. ತಗಡಿನ ಶೆಡ್ಡಿನಲ್ಲಿ ಇದೆಲ್ಲ ಉಲ್ಟಾ. ತಗಡು ಕೆಲವೇ ನಿಮಿಷಕ್ಕೆ ಕಾಯ್ತದೆ, ಕಾದ ಮೇಲೆ ಅದೇ ಒಂದು ಹಂಚು. ಕೆಳಗೆ ಒಲೆಯ ಹಂಚು, ಮೇಲೆ ತಗಡಿನ ಹಂಚು, ನಡುವೆ ಮನುಷ್ಯರು.

ಮುಂದಿನ ಗಾಜು ಪಡುವಣಕ್ಕೆ ಮುಖ ಮಾಡಿದ್ರೆ ಮಧ್ಯಾಹ್ನ ಮೂರರ ಬಿಸಿಲು ನೇರ ಒಳಗೆ. ಒಳಗೆ ಬಂದ ಕಾವು ಸುಲಭಕ್ಕೆ ಹೊರಗೆ ಹೋಗಲ್ಲ. ಅದನ್ನ ಹೊರಹಾಕೋಕೆ ಏಸಿಗೆ ಕರೆಂಟು. ಗಾಜಿನ ಮುಂದೆ ಆರಡಿ ಕಟ್ಟೆ, ಮೇಲೊಂದು ಚಪ್ಪರ ಹಾಕಿದ್ರೆ ಅರ್ಧ ತೊಂದರೆ ತಪ್ತದೆ. ಎಸಿಪಿ ಹಾಕೋರು ಒಂದು ಮಾತು ಕೇಳ್ರಿ: ಅದು ಎರಡು ತೆಳ್ಳನೆ ಅಲ್ಯೂಮಿನಿಯಂ ಹಾಳೆಗಳ ನಡುವಿನ ಪದರ. ಅಗ್ಗದ್ದರಲ್ಲಿ ಆ ಪದರ ಪ್ಲಾಸ್ಟಿಕ್ಕು, ಬೆಂಕಿ ಹಿಡೀತದೆ. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತರಲ್ಲ, ಅಲ್ಲಿ ಬೆಂಕಿ ಕಟ್ಟಡದ ತುಂಬ ಹಬ್ಬಿದ್ದು ಇಂಥ ಹೊದಿಕೆಯ ಮೇಲೇ. ಗ್ಯಾಸ್ ಸಿಲಿಂಡರ್ ಇರೋ ಗೋಡೆಗೆ ಇದನ್ನ ಹೊಡಿಸಬ್ಯಾಡ್ರಿ.

ನೆಲಕ್ಕೆ? ನಮಗೆ ಶಹಾಬಾದ ಪರಸಿ ಹತ್ತಿರ, ತಾಳಿಕೋಟಿ ಪರಸಿ ಇನ್ನೂ ಹತ್ತಿರ. ಗಟ್ಟಿ, ಬ್ಯಾಸಿಗೆಗೆ ತಂಪು. ಆದ್ರೆ ಊಟದ ಟೇಬಲ್ ಮೇಲೆ ಪಾಲಿಶ್ ಪರಸಿ ಹಾಕಬ್ಯಾಡ್ರಿ. ಪರಸಿ ಅಂದ್ರೆ ಸುಣ್ಣದಕಲ್ಲು, ಹುಳಿ ಬಿದ್ದರೆ ತಿಂತದೆ. ಇಂಡಿ ಸೀಮೆಯ ಲಿಂಬೆ ಹಿಂಡದೆ ನಮ್ಮ ಊಟ ಮುಗಿಯೋದಿಲ್ಲ. ಒಂದು ತಿಂಗಳಲ್ಲಿ ಟೇಬಲ್ ತುಂಬ ಬಿಳಿ ಬಿಳಿ ಕಲೆ. ಟೇಬಲ್ಲಿಗೆ ಇಳಕಲ್ಲಿನ ಕೆಂಪು ಗ್ರಾನೈಟ್ ಬಾಳಿಕೆ ಬರ್ತದೆ, ಅದನ್ನ ಲಿಂಬೆ ಏನೂ ಮಾಡಲ್ಲ.

ನಾವು ಆಮೇಲೆ ಏನು ಮಾಡಿದ್ವಿ? ಮೊದಲ ಸಲ ಕಾಕುಗೆ ಕೇಳಿದ್ವಿ. "ಅಡುಗೆಮನೆ ಹ್ಯಾಂಗಿರಬೇಕು ಹೇಳು." ಆಕೆ ಒಂದು ಹಿಡಿ ಹಿಟ್ಟು ತಗೊಂಡು ನೆಲದ ಮೇಲೇ ಗೆರೆ ಎಳೆದಳು. ಒಲೆ ಇಲ್ಲಿ, ಹಿಟ್ಟಿನ ಡಬ್ಬಿ ಕೈಗೆ ನಿಲುಕೋಹಂಗ ಇಲ್ಲಿ, ಬಾಗಿಲು ಈ ಕಡೆ, ಗಾಳಿ ಬೆನ್ನಿಗೆ ಬರಬೇಕು. ಹತ್ತು ನಿಮಿಷದ ಕೆಲಸ. ನಾವು ಇಂಟೀರಿಯರ್‌ನವರ ಜೊತೆ ನಾಲ್ಕು ತಿಂಗಳು ಮಾತಾಡಿದ್ವಿ, ಒಂದು ದಿನವೂ ಈಕೆಗೆ ಕೇಳಿರಲಿಲ್ಲ.

ಎರಡರಲ್ಲಿ ಒಂದು ಏಸಿ ಮಾರಿದ್ವಿ. ತಗಡನ್ನ ಮೂರಡಿ ಮೇಲೆತ್ತಿ, ಗೋಡೆಗೂ ತಗಡಿಗೂ ನಡುವೆ ಸಂದು ಬಿಟ್ಟು ಜಾಳಿಗೆ ಹಾಕಿದ್ವಿ. ತಗಡಿನ ಮೇಲೆ ಬಿಸಿಲು ವಾಪಸ್ ಕಳಿಸೋ ಬಿಳಿ ಬಣ್ಣ. ನಮ್ಮ ಪಕ್ಕದ ತೆಲಂಗಾಣ ಸರ್ಕಾರ ಇದಕ್ಕಂತಲೇ 2023ರಲ್ಲಿ ತಂಪು ಚಾವಣಿ ನೀತಿ ತಂದಿದೆ. ಒಲೆಯ ಮೇಲೆ ಎತ್ತರಕ್ಕೆ ದೊಡ್ಡ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯಲ್ಲಿ ಕೆಳಗೆ ಗಾಳಿ ಬರೋಕೆ ಕಿಂಡಿ. ಬರೀ ಫ್ಯಾನ್ ಹಾಕಿ ಕಿಂಡಿ ಬಿಡದಿದ್ರೆ ಹೊಸ ಗಾಳಿ ಎಲ್ಲಿಂದ ಬರಬೇಕು? ಇದು ಶೋಕಿ ಅಲ್ಲ ಮತ್ತ. ಆಹಾರ ಸುರಕ್ಷತೆಯ 2011ರ ಲೈಸೆನ್ಸ್ ನಿಯಮಗಳ 4ನೇ ಅನುಸೂಚಿಯಲ್ಲೇ ಅಡುಗೆ ಜಾಗಕ್ಕೆ ಗಾಳಿ-ಬೆಳಕು ಇರಬೇಕು ಅಂತ ಐತಿ.

ಕಟ್ಟೆಯ ಎತ್ತರವನ್ನ ಕಾಕುನ ಅಳತೆಗೆ ಇಳಿಸಿದ್ವಿ, ಕುಂತು ಬಡಿಯೋಕೆ ಒಂದು ಸ್ಟೂಲ್ ಇಟ್ವಿ. ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿಗೆ ತಿದ್ದುಪಡಿ ತಂದವು. ನಾವು ಕಾನೂನಿಗೆ ಕಾಯಬೇಕೇನು? ಬ್ಯಾಸಿಗೆಯಲ್ಲಿ ಎರಡು ತಾಸಿಗೊಮ್ಮೆ ಪಾಳಿ ಬದಲು.

ಬಿಟ್ಟು ಹೋದವರಲ್ಲಿ ಒಬ್ಬಳು ಬಂದು ನೋಡಿದಳು. ಒಳಗೆ ಕಾಲಿಟ್ಟು, ಮೇಲೆ ನೋಡಿ, "ಈಗ ಬಡೀಬಹುದು" ಅಂದಳು. ಇನ್ನೊಬ್ಬಳು ಬರಲಿಲ್ಲ, ಆಕೆ ಮನೆಯಲ್ಲೇ ಬಡಿದು ಮಾರ್ತಾಳೆ, ಛಲೋ ನಡೆದೈತಿ. ಸಾಲ ಇನ್ನೂ ತೀರಿಲ್ಲ, ಎರಡು ವರ್ಷದ ಕಂತು ಬಾಕಿ ಐತಿ. ನಿಯಾನ್ ಬೋರ್ಡಿನ ಒಂದು ಅಕ್ಷರ ಹೋಗಿದೆ, ರಿಪೇರಿ ಮಾಡಿಸಿಲ್ಲ. ಯಾರೂ ಕೇಳಿಯೂ ಇಲ್ಲ.

ಈಗ ಹೊಸದೊಂದು ಟ್ರೆಂಡ್ ಬಂದಿದೆ, ಲೈವ್ ರೊಟ್ಟಿ ಕೌಂಟರ್. ಹೆಣ್ಮಕ್ಕಳನ್ನ ಮುಂದೆ ಕೂರಿಸಿ ಗಿರಾಕಿ ಎದುರಿಗೇ ರೊಟ್ಟಿ. ಹಳೇ ಖಾನಾವಳಿಯ ಥರ ಒಲೆ ಎದುರಿಗೆ ಬಂತಲ್ಲ ಅಂತ ನನಗೆ ಖುಷಿ. ಆದ್ರೆ ಹಾಲಿನ ತಂಪು ಆಕೆಗೂ ತಟ್ಟುತ್ತಾ, ಹೊಗೆ ಎಲ್ಲಿ ಹೋಗುತ್ತೆ, ದಿನವಿಡೀ ಮುಖಕ್ಕೆ ಫೋನ್ ಹಿಡಿಯೋದು ಆಕೆಗೆ ಒಪ್ಪಿಗೆನಾ, ಇಷ್ಟು ಕೇಳಬೇಕು. ನೀವು ವಿಡಿಯೋ ಮಾಡೋ ಮುಂಚೆ "ಮಾಡ್ಲೇನ್ರಿ ಅಕ್ಕಾರ?" ಅಂತ ಒಂದು ಮಾತು ಕೇಳ್ರಿ.

ನಿಮ್ಮಲ್ಲಿ ಯಾರಾದ್ರೂ ಹೊಟೇಲ್ ಹಾಕೋ ತಯಾರಿಯಲ್ಲಿದ್ರೆ ನನ್ನದೊಂದು ಸಲಹೆ. ಹಾಳೆ ಮೇಲೆ ಮೊದಲು ಅಡುಗೆಮನೆ ಬರೀರಿ, ರೊಟ್ಟಿ ಬಡಿಯೋರನ್ನ ಪಕ್ಕದಲ್ಲಿ ಕೂರಿಸಿಕೊಂಡು ಬರೀರಿ. ಆಮೇಲೆ ನೀರು, ಗಟಾರು, ಹೆಣ್ಮಕ್ಕಳಿಗೆ ಬೇರೆ ಶೌಚಾಲಯ. ಆಮೇಲೆ ನೆರಳು. ಉಳಿದ ರೊಕ್ಕದಲ್ಲಿ ಗೋಡೆ. ಕಟ್ಟಡ ಬಾಡಿಗೆದಾದ್ರೆ ಕಿತ್ತು ಒಯ್ಯೋಕೆ ಬರೋ ಸಾಮಾನಿಗೇ ರೊಕ್ಕ ಹಾಕ್ರಿ.

ಊಟಕ್ಕೆ ಹೋಗೋರು ಬಿಲ್ ಕೊಟ್ಟು ಏಳುವಾಗ "ರೊಟ್ಟಿ ಎಲ್ಲಿ ಬಡೀತಾರ, ಒಂದ್ಸಲ ನೋಡ್ಲೇನ್ರಿ?" ಅಂತ ಕೇಳ್ರಿ. ಮಾಲಕರು ಖುಷಿಯಿಂದ ಒಳಗೆ ಕರೆದರೆ ಮತ್ತೊಮ್ಮೆ ಅಲ್ಲಿಗೇ ಹೋಗ್ರಿ. ನಮ್ಮ ಹೊಟೇಲಿಗೆ ಬಂದ್ರೂ ಕೇಳ್ರಿ. ಕಾಕು ಅಲ್ಲೇ ಇರ್ತಾಳೆ, ಇನ್ನೊಂದು ಹಾಕ್ಲೇನು ಅಂತ ಕೇಳದೆ ಬಿಡೋದಿಲ್ಲ.

ಮುಂದಿನ ವಾರ ಮತ್ತೆ ಸಿಗೋಣ. ಬಿಸಿಲಾಗ ಅಡ್ಡಾಡುವಾಗ ನೀರು ಕುಡೀರಿ. ಬರ್ತೀನ್ರಿ.