ಮುಟ್ಟಿನ ದಿನಾಂಕ ಮತ್ತು ಮೊಬೈಲಿನ ಲೆಕ್ಕ



ಮುಟ್ಟಿನ ದಿನಾಂಕವನ್ನು ಮೊಬೈಲಿನಲ್ಲಿ ಗುರುತು ಮಾಡಿಡುವ ರೂಢಿ ಈಗ ನಮ್ಮ ಹಳ್ಳಿಗಳಿಗೂ ಬಂದಿದೆ. ಇಂತಹ ದಿನಾಂಕಗಳು ಕೆಲವೊಮ್ಮೆ ಸಂಶೋಧನೆಗೂ ಬಳಕೆಯಾಗುತ್ತವೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸ್ತ್ರೀಯರು ಫೋನಿನಲ್ಲಿ ದಾಖಲಿಸಿದ ಆರು ಲಕ್ಷಕ್ಕೂ ಮಿಕ್ಕ ಋತುಚಕ್ರಗಳನ್ನು ಪರಿಶೀಲಿಸಿ, ಸರಾಸರಿ ಅವಧಿ 29.3 ದಿನಗಳೆಂದು ತಿಳಿಸಿತು. ಎಲ್ಲರಿಗೂ 28 ದಿನವೇ ಎಂಬ ನಂಬಿಕೆ ಸರಿಯಲ್ಲವೆಂಬುದು ಇದರಿಂದ ಇನ್ನಷ್ಟು ಸ್ಪಷ್ಟವಾಯಿತು.

ಆದರೆ ಫೋನು ತಾನಾಗಿ ಏನನ್ನೂ ಅರಿಯದು. ಒಂದು ತಿಂಗಳು ಗುರುತು ಮಾಡಲು ಮರೆತರೆ ಎರಡು ಚಕ್ರಗಳು ಕೂಡಿ 57 ಅಥವಾ 58 ದಿನಗಳ ಒಂದೇ ಚಕ್ರವಾಗಿ ಕಾಣುತ್ತವೆ. ಆರೋಗ್ಯವಂತ ಸ್ತ್ರೀಯೂ ಲೆಕ್ಕದಲ್ಲಿ ರೋಗಿಯಾಗುತ್ತಾಳೆ! 2020ರಲ್ಲಿ ಪ್ರಕಟವಾದ, ಸುಮಾರು 49 ಲಕ್ಷ ಚಕ್ರಗಳ ಇನ್ನೊಂದು ಅಧ್ಯಯನದಲ್ಲಿ ಸಂಶೋಧಕರು ಇಂತಹ ಮರೆವಿನ ಚಕ್ರಗಳನ್ನು ಹುಡುಕಿ ಬೇರ್ಪಡಿಸಬೇಕಾಯಿತು.

ನಮ್ಮ ಆರೋಗ್ಯ ಕೇಂದ್ರಕ್ಕೆ 2025ರಲ್ಲಿ ಬಂದ ದಂಪತಿಗಳೊಬ್ಬರ ಸಂಗತಿಯನ್ನು ಹೇಳುತ್ತೇನೆ. ಫೋನು ಪತಿಯ ಕೈಯಲ್ಲಿತ್ತು. ಅದರಲ್ಲಿ ಕಡೆಯ ಮುಟ್ಟಿನ ದಿನ ಮಾರ್ಚಿ 12 ಎಂದಿತ್ತು. ಅಂದಾಜಿನಿಂದ ಹಾಕಿದೆನೆಂದು ಆತನೇ ಒಪ್ಪಿದನು. ಪತ್ನಿಯನ್ನು ಕೇಳಲಾಗಿ, "ಶಿವರಾತ್ರಿಯ ಮರುದಿನ, ಸ್ವಾಮಿ" ಎಂದಳು. ಅದು ಫೆಬ್ರವರಿ 27. ಓದುಬರಹ ಬಾರದ ಆಕೆಯ ನೆನಪೇ ನಿಖರವಾಗಿತ್ತು. 280 ದಿನಗಳನ್ನು ಕೂಡಿಸಿದರೆ ಹೆರಿಗೆಯ ನಿರೀಕ್ಷಿತ ದಿನ ಡಿಸೆಂಬರ್ 4. ಫೋನಿನ ಪ್ರಕಾರ ಡಿಸೆಂಬರ್ 17. ಈ 13 ದಿನಗಳ ತಪ್ಪಿನಿಂದ, 37 ವಾರ ತುಂಬಿ ಹುಟ್ಟಿದ ಮಗುವೂ ಅವಧಿಗೆ ಮುನ್ನ ಹುಟ್ಟಿದ್ದೆಂದು ದಾಖಲಾಗಬಹುದು. ದಿನ ಮೀರಿದ ಬಸುರಿಯನ್ನು ಇನ್ನೂ ಕಾಲವಿದೆಯೆಂದು ಮನೆಗೆ ಕಳುಹಿಸಿಬಿಡಬಹುದು. ಎರಡನೆಯದೇ ನನಗೆ ಹೆಚ್ಚು ಭಯ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ಗ್ರಾಮಾಂತರದಲ್ಲಿ ತಾವೇ ಬಳಸುವ ಮೊಬೈಲ್ ಹೊಂದಿದ್ದ ಸ್ತ್ರೀಯರು ಅರ್ಧಕ್ಕಿಂತ ಕಡಿಮೆ. ಆದುದರಿಂದ ಪತಿಯರಲ್ಲಿ ನನ್ನ ವಿನಂತಿ: ಫೋನು ನಿಮ್ಮದಾದರೂ ದಿನಾಂಕ ಆಕೆಯದು. ಆಕೆಯನ್ನು ಕೇಳಿಯೇ ತುಂಬಿರಿ, ಅದೂ ಮುಟ್ಟು ಆರಂಭವಾದ ದಿನವೇ. ಇದರಲ್ಲಿ ಸಂಕೋಚಪಡುವಂತಹುದೇನೂ ಇಲ್ಲ. ಮಾಹಿತಿ ಯಾರಿಗೆ ಹೋಗುವುದೆಂದು ತಿಳಿಯದೆ ಒಪ್ಪಿಗೆ ಕೊಡಬೇಡಿರಿ.

ದಿನ ನೆನಪಿಲ್ಲದಿದ್ದರೆ ಊಹಿಸಿ ಬರೆಯದೆ, ಮರೆತಿದೆಯೆಂದು ಆಶಾ ಕಾರ್ಯಕರ್ತೆಗೆ ಹೇಳಿರಿ. ಗರ್ಭದ ಮೊದಲ ಮೂರು ತಿಂಗಳೊಳಗೆ ಬಂದರೆ ಸ್ಕ್ಯಾನಿಂಗ್ ಮೂಲಕ ಶಿಶುವಿನ ಅಳತೆ ನೋಡಿ ಗರ್ಭದ ವಯಸ್ಸನ್ನು ತಿಳಿಯಬಹುದು. ಬರುವಾಗ ತಾಯಿ ಕಾರ್ಡನ್ನು ತನ್ನಿರಿ. ಫೋನಿನಲ್ಲಿರುವ ದಿನಾಂಕವನ್ನು ಅದರೊಡನೆ ತಾಳೆ ನೋಡೋಣ.