ಕೊಡಲಿಗಿಂತ ಮೊದಲು ಪಟ್ಟಿ

(ಶೆಟ್ಟಿಕೆರೆಯಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಯಾರ ಮನಸ್ಸಿಗಾದರೂ ಬರುವುದು ಕೊಬ್ಬರಿ. ಕೊಬ್ಬರಿಯ ದರ ಇಳಿದರೆ ಇಲ್ಲಿ ಮದುವೆಗಳು ಮುಂದಕ್ಕೆ ಹೋಗುತ್ತವೆ, ಏರಿದರೆ ಮನೆಗಳು ಮೇಲೇಳುತ್ತವೆ. ಕಾಯಿಯ ಬಗ್ಗೆ ಇಷ್ಟೊಂದು ಲೆಕ್ಕಾಚಾರ ಇರುವ ಈ ಸೀಮೆಯಲ್ಲಿ, ಕಾಯಿ ಬಿಡುವುದನ್ನು ನಿಲ್ಲಿಸಿದ ಮರದ ಬಗ್ಗೆ ಮಾತ್ರ ಯಾವ ಲೆಕ್ಕವೂ ಇಲ್ಲ. 1990ರ ದಶಕದ ಕೊನೆಯಲ್ಲಿ ನುಸಿಪೀಡೆ ಬಂತು. ಕಾಂಡದಿಂದ ರಸ ಸೋರುವ ರೋಗ ತೋಟದಿಂದ ತೋಟಕ್ಕೆ ಹಬ್ಬಿತು. 2010ರ ದಶಕದಲ್ಲಿ ಮೇಲಿಂದ ಮೇಲೆ ಬಿದ್ದ ಬರಗಾಲದಲ್ಲಿ ಕೊಳವೆಬಾವಿಗಳು ಬತ್ತಿ, ತುಮಕೂರು ಮತ್ತು ಹಾಸನ ಜಿಲ್ಲೆಗಳ ತೆಂಗಿನ ತೋಟಗಳಲ್ಲಿ ಸುಳಿ ಒಣಗಿದ ಮರಗಳು ಕಂಬಗಳಂತೆ ಬೋಳಾಗಿ ನಿಂತವು. ಹಾಗೆ ನಿಂತವುಗಳಲ್ಲಿ ಎಷ್ಟೋ ಮರಗಳು ಇಟ್ಟಿಗೆ ಗೂಡಿನ ಬೆಂಕಿಗೆ ಹೋದವು. ಅದೇ ಊರಿನಲ್ಲಿ ಅದೇ ವರ್ಷ ಹೊಸ ಮಾಡು ಕಟ್ಟಿದವರು ಮಾತ್ರ ಮರದ ಡಿಪೋದ ಮುಂದೆ ನಿಂತು ಮತ್ತಿ, ಹೊನ್ನೆ, ತೇಗಗಳ ಬೆಲೆ ಕೇಳುತ್ತಿದ್ದರು.

ಮಲೆನಾಡಿಗೂ ಈ ಬಯಲಿನ ಮಾಡಿಗೂ ಇರುವ ಸಂಬಂಧ ಇದೇ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನರು ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ, ಕಾಡು ಯಾರದು ಎಂಬ ಪ್ರಶ್ನೆ ಎದ್ದಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ ಗೋದಾವರ್ಮನ್ ಪ್ರಕರಣದಲ್ಲಿ ನೀಡಿದ ಆದೇಶ, ಅಂಗೀಕೃತ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯುವುದಕ್ಕೆ ತಡೆ ಹಾಕಿತು. ಎರಡೂ ಕಡಿಯುವ ಕೈಯನ್ನು ಹಿಡಿದವು. ಮರವನ್ನು ಕೇಳುವ ಕೈ ಎಲ್ಲಿದೆ, ಅದು ಎಷ್ಟು ಕೇಳುತ್ತದೆ, ಕೇಳಿದ್ದರಲ್ಲಿ ಎಷ್ಟನ್ನು ವ್ಯರ್ಥ ಮಾಡುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಇಂದಿನ ಮಾತಿನ ವಿಷಯವಾದ ಕತ್ತರಿಕೆಯ ಪಟ್ಟಿ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಕತ್ತರಿಕೆಯ ಪಟ್ಟಿ ಎಂದರೆ ಒಂದು ಮಾಡಿಗೆ ಬೇಕಾಗುವ ಪ್ರತಿಯೊಂದು ಮರದ ತುಂಡಿನ ಹೆಸರು, ಉದ್ದ, ಅಗಲ, ದಪ್ಪ ಮತ್ತು ಸಂಖ್ಯೆಗಳ ವಿವರ. ಹಳೆಯ ಬಡಗಿಗಳ ಬಳಿ ಇದು ಇರಲಿಲ್ಲವೆಂದಲ್ಲ. ಅಳತೆಕೋಲಿನ ಮೇಲಿನ ಗೀರುಗಳಲ್ಲಿ, ಕೂಡುವ ಎರಡು ತುಂಡುಗಳ ಮೇಲೆ ಉಳಿಯಿಂದ ಕೊರೆದ ಒಂದೇ ಗುರುತಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅವರ ತಲೆಯಲ್ಲಿ ಇತ್ತು. ಆ ತಲೆಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಲು ಸಾಧ್ಯವಾಗಿದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಹುಟ್ಟಿ, 2006ರಲ್ಲಿ ಗೂಗಲ್ ಕೈಗೆ, 2012ರಲ್ಲಿ ಟ್ರಿಂಬಲ್ ಕಂಪನಿಯ ಕೈಗೆ ಹೋದ ಸ್ಕೆಚ್‌ಅಪ್ ಎಂಬ ತಂತ್ರಾಂಶ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪರಿಚಿತ. ಅದಕ್ಕೆ ಜೋಡಿಸಿಕೊಳ್ಳುವ ಓಪನ್‌ಕಟ್‌ಲಿಸ್ಟ್ ಎಂಬ ಉಚಿತ ಉಪಕರಣ, ಚಿತ್ರದಿಂದ ನೇರವಾಗಿ ಪಟ್ಟಿ ತೆಗೆದುಕೊಡುತ್ತದೆ. ಆದರೆ ಅಂತರಜಾಲದಲ್ಲಿ ಬಿಟ್ಟಿಯಾಗಿ ದೊರೆಯುವ ಸ್ಕೆಚ್‌ಅಪ್‌ಗೆ ಇಂಥ ಉಪಕರಣಗಳನ್ನು ಜೋಡಿಸಲಾಗದು. ಹಣ ಕೊಡಲಾಗದವರಿಗೆ ಫ್ರೀಕ್ಯಾಡ್ ಇದೆ. 2002ರಿಂದ ಬೆಳೆದುಬಂದು 2024ರ ನವೆಂಬರಿನಲ್ಲಿ 1.0 ಆವೃತ್ತಿಗೆ ತಲುಪಿದ ಈ ತಂತ್ರಾಂಶ ಸಂಪೂರ್ಣ ಮುಕ್ತವಾದದ್ದು. ಯಾವುದರಲ್ಲಿ ಕಲಿತರೂ ಕೆಲಸದ ತಿರುಳು ಒಂದೇ.

ಒಂದು ಉದಾಹರಣೆಯನ್ನು ಹಿಡಿದು ನೋಡಬಹುದು. ಎರಡು ಇಳಿಜಾರಿನ ಹೆಂಚಿನ ಮಾಡು. ಕೋಣೆಯ ಅಗಲ 15 ಅಡಿ, ಉದ್ದ 20 ಅಡಿ. ಗೋಡೆಯ ಮಟ್ಟದಿಂದ ನೆತ್ತಿಯ ತೊಲೆ 4 ಅಡಿ ಎತ್ತರದಲ್ಲಿದೆ ಎನ್ನೋಣ. ಅರ್ಧ ಅಗಲ ಏಳೂವರೆ ಅಡಿ, ಎತ್ತರ 4 ಅಡಿ. ಹಾಗಿದ್ದರೆ ಇಳಿಜಾರಿನ ಉದ್ದ ಸರಿಯಾಗಿ ಎಂಟೂವರೆ ಅಡಿ. ಸೂರು ಗೋಡೆಯಿಂದ ಆಚೆಗೆ ಇಳಿಜಾರಿನಲ್ಲಿ ಇನ್ನೂ ಒಂದೂವರೆ ಅಡಿ ಚಾಚಿದರೆ, ಮಲೆನಾಡಿನವರು ಪಕಾಸು ಎನ್ನುವ, ಇಲ್ಲಿ ರಾಫ್ಟರು ಎಂದೇ ರೂಢಿಯಾಗಿರುವ ತುಂಡಿನ ಉದ್ದ 10 ಅಡಿ. ಎರಡು ಅಡಿಗೊಂದರಂತೆ ಇಟ್ಟರೆ ಒಂದು ಬದಿಗೆ ಎಷ್ಟು ಬೇಕು? ಇಪ್ಪತ್ತನ್ನು ಎರಡರಿಂದ ಭಾಗಿಸಿ ಹತ್ತು ಎನ್ನುವ ವಿದ್ಯಾರ್ಥಿಗಳೇ ಹೆಚ್ಚು. ಹತ್ತು ಎಂಬುದು ನಡುವಿನ ಅಂತರಗಳ ಸಂಖ್ಯೆ. ತುಂಡುಗಳು ಹನ್ನೊಂದು, ಎರಡು ಬದಿಗೆ ಇಪ್ಪತ್ತೆರಡು. ತೆಂಗಿನ ಸಾಲು ನೆಟ್ಟ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಇಪ್ಪತ್ತೆರಡನ್ನೂ ಒಂದೊಂದಾಗಿ ಬರೆಯಬಾರದು. ಒಂದನ್ನು ಬರೆದು, ಗೋಡೆಯ ಮೇಲೆ ಕೂರುವ ಕಚ್ಚನ್ನು ಅದರಲ್ಲಿಯೇ ಕೊರೆದು, ಅದಕ್ಕೆ ‘ಪಕಾಸು’ ಎಂದು ಹೆಸರಿಟ್ಟು, ತಂತ್ರಾಂಶದ ಭಾಷೆಯಲ್ಲಿ ಕಾಂಪೊನೆಂಟ್ ಆಗಿಸಿ, ಬಳಿಕ ಅದರ ಪ್ರತಿಗಳನ್ನು ಇಡಬೇಕು. ಆಗ ಒಂದರ ಉದ್ದವನ್ನು ಬದಲಿಸಿದರೆ ಎಲ್ಲವೂ ಬದಲಾಗುತ್ತವೆ, ಪಟ್ಟಿಯಲ್ಲಿಯೂ ಇಪ್ಪತ್ತೆರಡು ಸಾಲುಗಳ ಬದಲು ಒಂದೇ ಸಾಲು ಬರುತ್ತದೆ.

ಇನ್ನೊಂದು ಎಡವಟ್ಟು ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಕೆಚ್‌ಅಪ್ ತುಂಡನ್ನು ಅಳೆಯುವುದು ಅದನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟಂತೆ ಭಾವಿಸಿ. ಪೆಟ್ಟಿಗೆ ಮರದ ಉದ್ದಕ್ಕೆ ಹೊಂದಿಕೊಂಡು ಇಳಿಜಾರಾಗಿ ಇರಬೇಕು. ತುಂಡಿನ ಅಕ್ಷಗಳನ್ನು ಸರಿಪಡಿಸದೆ ಬಿಟ್ಟರೆ ಪೆಟ್ಟಿಗೆ ನೆಲಕ್ಕೆ ಸಮನಾಗಿ ನಿಲ್ಲುತ್ತದೆ. ಆಗ 10 ಅಡಿ ಉದ್ದ, 4 ಅಂಗುಲ ಅಗಲ, 2 ಅಂಗುಲ ದಪ್ಪದ ಪಕಾಸು ಪಟ್ಟಿಯಲ್ಲಿ ಸುಮಾರು 9 ಅಡಿ ಉದ್ದ, 5 ಅಡಿ ಅಗಲದ ಹಲಗೆಯಾಗಿ ಕಾಣಿಸಿಕೊಳ್ಳುತ್ತದೆ! ಐದಡಿ ಅಗಲದ ಹಲಗೆ ಕೊಡುವ ಮರ ಪಶ್ಚಿಮಘಟ್ಟದಲ್ಲಿಯೂ ಇನ್ನು ಸಿಗಲಾರದು. ಈ ತಪ್ಪು ಇಷ್ಟು ದೊಡ್ಡದಾಗಿರುವುದರಿಂದ ಕಣ್ಣಿಗೆ ಬೀಳುತ್ತದೆ ಎಂಬುದೇ ಸಮಾಧಾನ. ಕಣ್ಣಿಗೆ ಬೀಳದ ತಪ್ಪು ತೆಂಗಿನ ವಿಷಯದಲ್ಲಿದೆ.

ತೆಂಗು ಏಕದಳ ಸಸ್ಯ. ಹುಲ್ಲು, ಬಿದಿರುಗಳ ಬಳಗಕ್ಕೆ ಸೇರಿದ್ದು. ತೇಗದಂತೆ ಅದಕ್ಕೆ ಒಳಗೆ ಗಟ್ಟಿ ಕಾವು ಇಲ್ಲ, ವರ್ಷದ ಬಳೆಗಳಿಲ್ಲ. ಕೊಂಬೆಗಳಿಲ್ಲದ ಕಾರಣ ಗಂಟುಗಳೂ ಇಲ್ಲ. ಕಪ್ಪು ನಾರುಗಳು ಒತ್ತಾಗಿ ಕೂಡಿದ ಹೊರಸುತ್ತೇ ಅದರ ಬಲ. ಆ ಸುತ್ತಿನ ಮರ ಘನಮೀಟರಿಗೆ 600 ಕಿಲೋಗ್ರಾಮಿಗಿಂತ ಹೆಚ್ಚು ತೂಗಿದರೆ, ನಡುಭಾಗ 400ಕ್ಕಿಂತ ಕಡಿಮೆ. ಬುಡ ಗಟ್ಟಿ, ತುದಿ ಮೆದು. ಎಳೆಯ ಮರಕ್ಕಿಂತ ಅರವತ್ತು ದಾಟಿದ ಮರ ಗಟ್ಟಿ. ತಂತ್ರಾಂಶಕ್ಕೆ ಇದಾವುದೂ ಗೊತ್ತಿಲ್ಲ. ಮರವೆಂದರೆ ಒಳಗೂ ಹೊರಗೂ ಒಂದೇ ಎಂದು ಅದು ತಿಳಿದಿದೆ.

12 ಅಂಗುಲ ಅಡ್ಡಳತೆಯ ತೆಂಗಿನ ದಿಮ್ಮಿಯೊಂದನ್ನು ತೆಗೆದುಕೊಳ್ಳಿ. ಅದರ ದುಂಡಿನೊಳಗೆ 8 ಅಂಗುಲದ ಚೌಕ ಹಿಡಿಸುತ್ತದೆ. ಆ ಚೌಕದಲ್ಲಿ ನಾಲ್ಕಂಗುಲ ಎರಡಂಗುಲದ ಎಂಟು ಪಕಾಸುಗಳು. ಇಪ್ಪತ್ತೆರಡು ಪಕಾಸಿಗೆ ಮೂರು ದಿಮ್ಮಿ ಸಾಕು ಎನ್ನುತ್ತದೆ ಕಂಪ್ಯೂಟರು. ಒಂದು ಮರದ ಬುಡಭಾಗದಿಂದ ಇಂಥ ಎರಡು ದಿಮ್ಮಿ ದೊರೆಯುವುದಾದರೆ, ಎರಡು ಮರ ಉರುಳಿಸಿದರೆ ಒಂದು ದಿಮ್ಮಿ ಮಿಕ್ಕಬೇಕು. ಆದರೆ ಆ ಎಂಟರಲ್ಲಿ ನಡುವಿನವು ಹೆಂಚಿನ ಭಾರಕ್ಕೆ ಬಾಗುವಂಥವು. ಗಟ್ಟಿ ಸುತ್ತು ಎರಡೂವರೆ ಅಂಗುಲವಿದೆಯೆಂದು ಹಿಡಿದರೆ, ದಿಮ್ಮಿಯನ್ನು ನಾಲ್ಕು ಸಲ ಮಗ್ಗುಲು ಹೊರಳಿಸಿ, ಬದಿಗೊಂದರಂತೆ ನಾಲ್ಕೇ ನಾಲ್ಕು ಪಕಾಸನ್ನು ತೆಗೆಯಬಹುದು. ಆ ಲೆಕ್ಕದಲ್ಲಿ ಬೇಕಾಗುವುದು ಆರು ದಿಮ್ಮಿ, ಅಂದರೆ ಮೂರು ಮರ. ಎರಡೇ ಮರ ಉರುಳಿಸಿದವನ ಕೈಗೆ ಬರುವುದು ಹದಿನಾರು ಪಕಾಸು. ಗೋಡೆ ಎದ್ದಿದೆ, ಮಳೆಗಾಲ ಹತ್ತಿರ ಬಂದಿದೆ, ಬಡಗಿ ಕಾದಿದ್ದಾನೆ. ಕೊರತೆ ಬಿದ್ದ ಆರು ಪಕಾಸುಗಳನ್ನು ಆತ ತರುವುದು ಡಿಪೋದಿಂದ. ಬಯಲಿನ ಲೆಕ್ಕ ತಪ್ಪಿದಾಗ ಮಲೆಯ ಮರ ಉರುಳುವುದು ಹೀಗೆ, ಆರಾರು ಪಕಾಸುಗಳಾಗಿ. ಯಾರೂ ಇದನ್ನು ಕಾಡು ಕಡಿಯುವುದು ಎನ್ನುವುದಿಲ್ಲ.

ಆದ್ದರಿಂದ ಚಿತ್ರ ಬರೆಯುವವರು ಮಾಡಿನಿಂದ ಆರಂಭಿಸದೆ ದಿಮ್ಮಿಯಿಂದ ಆರಂಭಿಸುವುದು ಒಳಿತು. ತೋಟಕ್ಕೆ ಹೋಗಿ, ಸುಳಿ ಹೋದ ಮರಗಳ ಸುತ್ತಳತೆಯನ್ನು ಬುಡದಲ್ಲಿಯೂ ಕೈಗೆಟುಕುವ ಎತ್ತರದಲ್ಲಿಯೂ ಅಳೆದು ಬರೆದುಕೊಳ್ಳಬೇಕು. ದಿಮ್ಮಿಯ ದುಂಡು, ಗಟ್ಟಿ ಸುತ್ತಿನ ಗೆರೆ, ಅದರೊಳಗೆ ಹಿಡಿಸುವ ತುಂಡು, ಇಷ್ಟನ್ನು ಮೊದಲು ತೆರೆಯ ಮೇಲೆ ಬರೆಯಬೇಕು. ಹಾಗೆ ಬರೆದಾಗ ಇನ್ನೊಂದು ಲಾಭವೂ ಕಾಣುತ್ತದೆ. ನಾಲ್ಕು ಪಕಾಸುಗಳ ನಡುವೆ ನಾಲ್ಕು ಮೂಲೆಗಳಲ್ಲಿ ಉಳಿಯುವ ಗಟ್ಟಿ ಭಾಗದಿಂದ, ಎರಡಂಗುಲ ಒಂದಂಗುಲದ ಒಂದೊಂದು ರೀಪಾದರೂ ಬರುತ್ತದೆ. ಆರು ದಿಮ್ಮಿಗೆ ಇಪ್ಪತ್ನಾಲ್ಕು ರೀಪು, 240 ಅಡಿ. ಮಂಗಳೂರು ಹೆಂಚಿಗೆ ಹನ್ನೆರಡೂವರೆ ಅಂಗುಲಕ್ಕೊಂದರಂತೆ ಬದಿಗೆ ಹತ್ತು ಸಾಲು ಹಿಡಿದರೂ ಬೇಕಾಗುವುದು ಸುಮಾರು 400 ಅಡಿ. ಅರ್ಧಕ್ಕಿಂತ ಹೆಚ್ಚು ರೀಪು ಮೂಲೆಯಲ್ಲೇ ಅಡಗಿತ್ತು.

ಗರಗಸಕ್ಕೂ ಪಾಲು ಕೊಡಬೇಕು. ಅದರ ಹಲ್ಲು ಹಾದಲ್ಲೆಲ್ಲ ಸ್ವಲ್ಪ ಮರ ಪುಡಿಯಾಗಿ ಹೋಗುತ್ತದೆ. ಒಣಗುವಾಗ ದಿಮ್ಮಿಯ ತುದಿಗಳು ಸೀಳುತ್ತವೆ, ಅವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. 10 ಅಡಿಯ ದಿಮ್ಮಿಯಿಂದ 10 ಅಡಿಯ ಪಕಾಸು ಬಾರದು. ಅರ್ಧ ಅಡಿ ಹೆಚ್ಚು ಇರಲಿ. ಪಟ್ಟಿಯಲ್ಲಿ ಕೊಯ್ಯುವ ಅಳತೆಗೊಂದು, ಕೂರಿಸುವ ಅಳತೆಗೊಂದು ಎರಡು ಕಾಲಂಗಳು ಇರಬೇಕು. ಇದ್ದ ಉದ್ದದಿಂದ ಬೇಕಾದ ತುಂಡುಗಳನ್ನು ಕಡಿಮೆ ವ್ಯರ್ಥದಲ್ಲಿ ತೆಗೆಯುವುದು ಗಣಿತದಲ್ಲಿ ಹೆಸರಾಂತ ಸಮಸ್ಯೆ. 1939ರಷ್ಟು ಹಿಂದೆಯೇ ಸೋವಿಯತ್ ಒಕ್ಕೂಟದ ಲಿಯೊನಿದ್ ಕಾಂಟೊರೊವಿಚ್ ಅದಕ್ಕೆ ಗಣಿತದ ರೂಪ ಕೊಟ್ಟರು. ಅವರನ್ನು ಆ ದಾರಿಗೆ ಹಚ್ಚಿದ್ದು ಪ್ಲೈವುಡ್ ಉದ್ಯಮದ ಒಂದು ಪ್ರಶ್ನೆ. ಮುಂದೆ 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೂ ಕೂಪ್‌ಮನ್ಸ್ ಅವರಿಗೂ ಹಂಚಿಕೆಯಾಯಿತು. ಇಂದು ಆ ಲೆಕ್ಕವನ್ನು ಮೇಜಿನ ಮೇಲಿನ ಕಂಪ್ಯೂಟರು ಕ್ಷಣಾರ್ಧದಲ್ಲಿ ಮಾಡುತ್ತದೆ, ಗರಗಸದ ಪಾಲನ್ನು ಅದಕ್ಕೆ ತಿಳಿಸಿದ್ದರೆ ಮಾತ್ರ.

ಒಂದು ಎಚ್ಚರಿಕೆ ಅಗತ್ಯ. ಪಟ್ಟಿ ಅಳತೆಯನ್ನು ಹೇಳುತ್ತದೆ, ಬಲವನ್ನು ಹೇಳುವುದಿಲ್ಲ. ಮೇಲಿನ ನಾಲ್ಕಂಗುಲ ಎರಡಂಗುಲ ಎಂಬುದು ಲೆಕ್ಕ ತೋರಿಸಲು ಹಿಡಿದ ಅಳತೆ. ನಿಜವಾದ ಮಾಡಿಗೆ ಆ ದಪ್ಪ ಸಾಕೇ, ಪಕಾಸಿನ ನಡುವೆ ಆಸರೆಯ ತೊಲೆ ಬೇಕೇ ಎಂಬುದನ್ನು ಬಲ್ಲ ಎಂಜಿನಿಯರರು ತೀರ್ಮಾನಿಸಬೇಕು. ಮರದ ರಚನೆಗಳ ವಿನ್ಯಾಸಕ್ಕೆ ಐ.ಎಸ್. 883 ಎಂಬ ಭಾರತೀಯ ಮಾನಕ ಇದೆ.

ಇಷ್ಟೆಲ್ಲ ಲೆಕ್ಕ ಮರ ಉರುಳುವ ಮೊದಲೇ ಏಕೆ ಬೇಕೆಂದರೆ, ತೆಂಗು ಕಾಯುವುದಿಲ್ಲ. ಅದರ ಕಾಂಡದಲ್ಲಿ ಸಕ್ಕರೆ ಮತ್ತು ಪಿಷ್ಟ ತುಂಬಿರುವುದರಿಂದ, ಕೆಡವಿ ನೆಲದ ಮೇಲೆ ಬಿಟ್ಟರೆ ಬೂಷ್ಟು ಬೇಗ ಹಿಡಿಯುತ್ತದೆ. ಸುಳಿ ಸತ್ತ ಮರವನ್ನು ಎರಡು ಮೂರು ಮಳೆಗಾಲ ನಿಲ್ಲಿಸಿದರೂ ಅಷ್ಟೇ. ತೇಗವನ್ನು ಕಡಿದು ವರ್ಷಗಟ್ಟಲೆ ಯೋಚಿಸಬಹುದು. ತೆಂಗನ್ನು ಕಡಿಯುವ ಮುನ್ನವೇ ಯೋಚಿಸಿರಬೇಕು. ಪಟ್ಟಿ ಸಿದ್ಧವಿದ್ದರೆ ಕೆಡವಿದ ಬೆನ್ನಲ್ಲೇ ಕೊಯ್ದು, ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಕರಗಿಸಿದ ನೀರಿನಲ್ಲಿ ಉಪಚರಿಸಿ, ನೆರಳಿನಲ್ಲಿ ನಡುನಡುವೆ ಕಡ್ಡಿಯಿಟ್ಟು ಅಟ್ಟಿ ಹಾಕಬಹುದು. ಹೊರಸುತ್ತಿನ ಮರ ಸಾಮಾನ್ಯ ಗರಗಸದ ಹಲ್ಲನ್ನು ಬಹುಬೇಗ ಮೊಂಡಾಗಿಸುತ್ತದೆ. ಕಾರ್ಬೈಡ್ ತುದಿಯ ಬ್ಲೇಡ್ ಇರುವ ಮಿಲ್ಲನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಉಪಚರಿಸಿದ ಮೇಲೂ ಈ ಮರ ನೆಲಕ್ಕೆ ತಾಗುವ ಕಡೆ, ಮಳೆ ಹೊಡೆಯುವ ಕಡೆ ಸಲ್ಲದು. ಹೆಂಚಿನ ಕೆಳಗೆ ಸಲ್ಲುತ್ತದೆ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನುಮತಿಯ ಕಟ್ಟಿನಿಂದ ಹೊರಗಿಟ್ಟಿರುವ ಕೆಲವು ಮರಗಳಲ್ಲಿ ತೆಂಗೂ ಒಂದು. ಅನುಕೂಲವೆಂದು ತೋರುವ ಈ ಸಡಿಲಿಕೆಯಲ್ಲಿ ಅಪಾಯವೂ ಇದೆ. ತೆಂಗಿನ ಮರಕ್ಕೆ ಬೆಲೆ ಬಂತೆಂದರೆ ಕಾಯಿ ಬಿಡುವ ಮರಕ್ಕೂ ಕೊಡಲಿ ಬೀಳಬಹುದು. ಆದುದರಿಂದ ಪಟ್ಟಿಯಲ್ಲಿ ಕೊನೆಯದಾಗಿ ಇನ್ನೊಂದು ಕಾಲಂ ಇರಲಿ: ಯಾವ ಮರ. ತೋಟದಲ್ಲಿ ಒಣಗಿದ ಮರಗಳಿಗೆ ಸುಣ್ಣದಿಂದ ಸಂಖ್ಯೆ ಬರೆದು, ಪ್ರತಿ ತುಂಡಿನ ಎದುರಿಗೆ ಅದು ಬರುವ ಮರದ ಸಂಖ್ಯೆಯನ್ನು ನಮೂದಿಸಿದರೆ, ಸಂಖ್ಯೆಯಿಲ್ಲದ ಮರ ಉರುಳಿದಾಗ ಕೇಳುವುದಕ್ಕೆ ಮನೆಯವರಿಗೂ ಊರಿನವರಿಗೂ ಆಧಾರವಿರುತ್ತದೆ.

ವಿದ್ಯಾರ್ಥಿಗಳಿಗೆ ಕಡೆಯ ಮಾತು. ಈ ಪಟ್ಟಿಯನ್ನು ಓದುವವನು ಬಡಗಿ. ತುಂಡುಗಳ ಹೆಸರನ್ನು ಕನ್ನಡದಲ್ಲಿಯೇ ಕೊಡಿ, ಅಳತೆಯನ್ನು ಆತ ಬಳಸುವ ಅಡಿ ಅಂಗುಲಗಳಲ್ಲಿ ಕೊಡಿ. ಪಟ್ಟಿಯನ್ನು ತಂತ್ರಾಂಶದಿಂದ ಲೆಕ್ಕದ ಹಾಳೆಗೆ ಸಾಗಿಸುವಾಗ ಯುಟಿಎಫ್-8 ಎಂಬ ಆಯ್ಕೆಯನ್ನು ಮರೆತರೆ ಕನ್ನಡ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ, ಅದನ್ನು ಗಮನಿಸಿ. ಮುದ್ರಿಸಿದ ಹಾಳೆಯನ್ನು ಬಡಗಿಯ ಕೈಗಿಟ್ಟು ಆತ ಓದಿ ಮುಗಿಸುವವರೆಗೆ ಪಕ್ಕದಲ್ಲಿ ಕುಳಿತಿರಿ. ಕಚ್ಚಿನ ಆಳ ತಪ್ಪಾಗಿದೆ ಎಂದು ಆತ ಹೇಳಿದರೆ, ಮರ ಇನ್ನೂ ನಿಂತೇ ಇರುತ್ತದೆ. ತಿದ್ದಬೇಕಾದುದು ಒಂದು ಚಿತ್ರವನ್ನು ಮಾತ್ರ.